ಉಚ್ಚೆ ಕೆಂಪಗಿತ್ತು, ಜ್ವರ ಇರಲಿಲ್ಲ

ನಮ್ಮ ಪಶು ಆಸ್ಪತ್ರೆಯ ಕಂಪೌಂಡರ್‌ಗೆ ಡಾಕ್ಟರಾದ ನನ್ನನ್ನು ಕೆಣಕಬೇಕು ಅನ್ನಿಸಿದರೆ ಒಂದೇ ಮಾತು ಸಾಕು. "ಸರ್, ಆ ಎಮ್ಮಿಗಿ ಜ್ವರದ ಗುಳಿಗಿ ಯಾರ್ ಕೊಟ್ಟಿದ್ರು?" ಅಂತ ಕೇಳಿ, ಏನೂ ಗೊತ್ತಿಲ್ಲದವರ ಹಾಗೆ ಚಹಾ ಕುಡಿಯುತ್ತಾರೆ. ಎರಡು ವರ್ಷ ಆಯ್ತು. ಇನ್ನೂ ಚುಚ್ಚುತ್ತದೆ.

ಭಾಲ್ಕಿ ಕಡೆಯ ಒಂದು ಹಳ್ಳಿ. ದೀಪಾವಳಿ ಮುಗಿದ ವಾರ, ಸಂಜೆ ಏಳಕ್ಕೆ ಫೋನ್. "ಸಾಹೇಬ್ರ, ಎಮ್ಮಿ ಕೆಂಪ ಉಚ್ಚಿ ಹೊಯ್ಲಿಕತ್ತದ." ಅವತ್ತಿನ ಒಂಬತ್ತನೇ ಕೇಸು. ಹೋದರೆ ಕರೆಂಟ್ ಇಲ್ಲ. ಮೊಬೈಲ್ ಬೆಳಕಿನಲ್ಲಿ ಕೆಚ್ಚಲ ಹತ್ತಿರ ರಕ್ತ ಹೀರುವ ನಾಲ್ಕೈದು ಉಣ್ಣೆ ಹುಳ ಕಂಡವು. ಅಷ್ಟೇ, ಉಣ್ಣೆಯಿಂದ ಹರಡುವ ರಕ್ತದ ರೋಗ ಬೆಬೀಸಿಯಾ ಅಂತ ಮನಸ್ಸಿನಲ್ಲೇ ಸಹಿ ಹಾಕಿಬಿಟ್ಟೆ.

ಥರ್ಮಾಮೀಟರ್ 101.2 ತೋರಿಸಿತು, ಎಮ್ಮೆಗೆ ಅದು ಮಾಮೂಲಿ. ಬೆಬೀಸಿಯಾಕ್ಕೆ 104, 105 ಇರಬೇಕಲ್ವಾ? ಯಾರೋ ಜ್ವರದ ಗುಳಿಗೆ ಹಾಕಿರಬೇಕು, ಅದಕ್ಕೇ ಇಳಿದಿದೆ ಅಂದುಕೊಂಡೆ. ಕೇಳಲಿಲ್ಲ, ಸುಮ್ನೆ ಅಂದುಕೊಂಡೆ. ಪರೀಕ್ಷೆಗೆ ಗಾಜಿನ ಮೇಲೆ ರಕ್ತದ ಸ್ಮಿಯರ್ ಏನೋ ತೆಗೆದೆ. ಆದರೆ ನಮ್ಮ ಮೈಕ್ರೋಸ್ಕೋಪಿನ ಬಲ್ಬ್ ಹೋಗಿ ಎರಡು ತಿಂಗಳಾಗಿತ್ತು. ಬೆಬೀಸಿಯಾದ ಔಷಧಿ ಡಿಮಿನಾಝೀನ್ ಚುಚ್ಚಿ, ಲಿವರ್ ಟಾನಿಕ್ ಬರೆದು ಮನೆಗೆ ಬಂದೆ. ಚೆನ್ನಾಗಿ ನಿದ್ದೆಯೂ ಬಂತು.

ಬೆಳಗ್ಗೆ ಆರಕ್ಕೆ ಮತ್ತೆ ಫೋನ್. ಈ ಸಲ ಹೋದಾಗ ಎಮ್ಮೆ ಗೋಡೆಗೆ ಹಣೆ ಹಚ್ಚಿ ನಿಂತಿತ್ತು. ಮೇವು ಮುಟ್ಟಿಲ್ಲ, ಹಾಲು ಅರ್ಧಕ್ಕಿಂತ ಕಡಿಮೆ. ರೆಪ್ಪೆ ಮಡಚಿ ನೋಡಿದರೆ ಒಳಗೆ ಕಾಗದದಷ್ಟು ಬಿಳಿ. ಎದೆ ಬಡಿತ 118. ನೆಲದ ಮೇಲೆ ಹೊಯ್ದ ಉಚ್ಚೆ ಬ್ಲ್ಯಾಕ್ ಕಾಫಿಯ ಬಣ್ಣ, ಮೇಲೆ ನೊರೆ.

ಬೀದರಿನ ಹಿರಿಯ ಗೆಳೆಯರಿಗೆ ಫೋನ್ ಹಚ್ಚಿದೆ. ಅವರು ಕೇಳಿದ್ದು ಒಂದೇ: "ಈದು ಎಷ್ಟು ದಿನ ಆಯ್ತು?" ನಾನು ಸುಮ್ಮನಾದೆ. ಹಿಂದಿನಿಂದ ಮನೆಯ ಆಯಿ ಹೇಳಿದಳು, "ಇವತ್ತಿಗಿ ಇಪ್ಪತ್ತೊಂದ್ ದಿನ ಆತ್ ನೋಡಪ್ಪಾ." ಕರು ಅಲ್ಲೇ, ಆರು ಅಡಿ ದೂರದಲ್ಲಿ ಕಟ್ಟಿತ್ತು. ರಾತ್ರಿ ನಾನು ಅದನ್ನೇ ದಾಟಿಕೊಂಡು ಹೋಗಿದ್ದೆ!

"ಉಚ್ಚೆ ಒಂದು ಟ್ಯೂಬಿಗೆ ಹಿಡಿದು ನಿಲ್ಲಿಸು," ಅಂದರು ಅವರು. ಕಿಟಕಿಯಲ್ಲಿ ಇಟ್ಟೆವು. ರಕ್ತವೇ ಬರುತ್ತಿದ್ದರೆ ಕೆಂಪು ಕಣಗಳು ತಳಕ್ಕೆ ಕೂತು ಮೇಲೆ ತಿಳಿಯಾಗಬೇಕು. ಹದಿನೈದು ನಿಮಿಷ ಆದರೂ ಮೇಲಿಂದ ಕೆಳಗೆ ಒಂದೇ ಬಣ್ಣ. ಕಣಗಳು ಮೈಯೊಳಗೇ ಒಡೆದು ಬರೀ ಹಿಮೋಗ್ಲೋಬಿನ್ ಇಳಿಯುತ್ತಿತ್ತು. ಬೆಬೀಸಿಯಾದಲ್ಲೂ ಹಾಗೇ ಇಳಿಯುತ್ತದೆ, ನಿಜ. ಆದರೆ ಜ್ವರ ಇಲ್ಲ, ಈದು ಮೂರು ವಾರ, ಹತ್ತು ಲೀಟರ್ ಹಾಲಿನ ಎಮ್ಮೆ. ಇನ್ನೇನು ಬೇಕಿತ್ತು ನನಗೆ? ಫಾಸ್ಫರಸ್ ಕೊರತೆ.

ಅದನ್ನು ತುಂಬುವ ಸೋಡಿಯಂ ಆಸಿಡ್ ಫಾಸ್ಫೇಟ್ ನಮ್ಮ ಸ್ಟಾಕಿನಲ್ಲಿ ಇರಲಿಲ್ಲ. ಹಿಂದೆಯೇ ಇಂಡೆಂಟ್ (ಬೇಡಿಕೆ ಪಟ್ಟಿ) ಕಳಿಸಿದ್ದೆ, ಬಂದದ್ದು ನಾನು ಕೇಳದ ಕ್ಯಾಲ್ಸಿಯಂ ಬಾಟಲಿಗಳು. ಆ ಮನೆಯ ಹುಡುಗ ಬೈಕ್ ಹತ್ತಿ ಭಾಲ್ಕಿಗೆ ಓಡಿದ. ನಲವತ್ತು ನಿಮಿಷ. ನನ್ನ ಸರ್ವಿಸಿನಲ್ಲೇ ಅಷ್ಟು ಉದ್ದದ ನಲವತ್ತು ನಿಮಿಷ ಬೇರೆ ಇಲ್ಲ. ಮಾಡಲು ಏನೂ ಇಲ್ಲದೆ ಆ ಟ್ಯೂಬನ್ನೇ ನೋಡುತ್ತಾ ನಿಂತೆ.

ಹಿಮೋಗ್ಲೋಬಿನ್ ಅಂದರೆ ನಾಲ್ಕು ಸರಪಳಿ ಒಂದಕ್ಕೊಂದು ತೆಕ್ಕೆ ಹಾಕಿಕೊಂಡ ಪ್ರೋಟೀನು. ಒಂದೊಂದು ಸರಪಳಿಯ ಮಡಿಕೆಯಲ್ಲೂ ಒಂದು ಹೀಮ್, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ಈ ಆಕಾರ ಬಿಡಿಸಿದ್ದಕ್ಕೇ ಮ್ಯಾಕ್ಸ್ ಪೆರುಟ್ಜ್‌ಗೆ 1962ರಲ್ಲಿ ನೊಬೆಲ್ ಬಂತು. ಅವರು ಬಳಸಿದ್ದು ಕುದುರೆಯ ಹಿಮೋಗ್ಲೋಬಿನ್, ಹಾಗಾಗಿ ನಮ್ಮ ಡಿಪಾರ್ಟ್‌ಮೆಂಟಿಗೂ ಸ್ವಲ್ಪ ಪಾಲು ಸಿಗಬೇಕು ಅಂತ ನನ್ನ ವಾದ. ಈ ಎಮ್ಮೆಯ ಪ್ರೋಟೀನು ಕೆಟ್ಟಿರಲಿಲ್ಲ, ಅದನ್ನು ತುಂಬಿಕೊಂಡ ಚೀಲ ಕೆಟ್ಟಿತ್ತು. ಕೆಂಪು ಕಣಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇಲ್ಲ. ಸಕ್ಕರೆ ಒಡೆದೇ ಎಟಿಪಿ, ಅಂದರೆ ಕಣದ ಇಂಧನ, ಮಾಡಿಕೊಳ್ಳಬೇಕು, ಅದಕ್ಕೆ ಫಾಸ್ಫೇಟ್ ಬೇಕು. ಅದು ಸಿಗದಿದ್ದರೆ ಪೊರೆ ಬಿರುಸಾಗಿ ಒಡೆಯುತ್ತದೆ. ಹೊರಗೆ ಬಿದ್ದ ಹಿಮೋಗ್ಲೋಬಿನ್ನಿನ ತೆಕ್ಕೆ ಸಡಿಲಾಗಿ ಎರಡೆರಡು ಸರಪಳಿಯ ಜೋಡಿಗಳಾಗುತ್ತದೆ. ಅದನ್ನು ಹಿಡಿದಿಡುವ ಹ್ಯಾಪ್ಟೋಗ್ಲೋಬಿನ್ ಮುಗಿದ ಮೇಲೆ ಆ ಜೋಡಿಗಳು ಕಿಡ್ನಿಯ ಜರಡಿಯಲ್ಲಿ ನುಸುಳುತ್ತವೆ. ಕಿಟಕಿಯಲ್ಲಿ ಇದ್ದದ್ದು ಅದೇ.

ಕಾಯಲಾರದೆ ಕ್ಯಾಲ್ಸಿಯಂ ಬಾಟಲಿಗೆ ಕೈ ಹಾಕಿದೆ, ಏನಾದರೂ ಹೋಗಲಿ ಅಂತ. ಕಂಪೌಂಡರ್ ಮೆಲ್ಲಗೆ, "ಅದೇ ಸೆಟ್ಟಿನ್ಯಾಗ ಆಮ್ಯಾಲ ಫಾಸ್ಫೇಟ್ ಬಿಡ್ತೀರೇನ್ರಿ?" ಅಂದರು. ಎರಡೂ ಕೂಡಿದರೆ ಸುಣ್ಣದ ಹಾಗೆ ಬಿಳಿ ಗಸಿ ಕಟ್ಟುತ್ತದೆ. ಬಾಟಲಿ ಕೆಳಗಿಟ್ಟೆ.

ಪುಡಿ ಬಂತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 60 ಗ್ರಾಂ ತೂಗಿ, 300 ಎಂಎಲ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ, ಶೋಧಿಸಿ, ಕುತ್ತಿಗೆಯ ಜುಗುಲರಿ ರಕ್ತನಾಳಕ್ಕೆ ಹಾಕಿದೆವು. ಹನಿ ಹನಿ. ಸ್ಟೆತಸ್ಕೋಪ್ ಕಿವಿಯಿಂದ ತೆಗೆಯಲಿಲ್ಲ. ನಡುವೆ ಒಮ್ಮೆ ಎಮ್ಮೆ ಮುಂಗಾಲು ಮಡಚಿತು. ಇನ್ನು ಬಿತ್ತು ಅಂದುಕೊಂಡೆ. ಅದು ಮಲಗಿತು ಅಷ್ಟೇ. ಸಂಜೆ ಮತ್ತೊಂದು ಡೋಸ್ ಚರ್ಮದ ಕೆಳಗೆ. ಮೂರನೇ ಬೆಳಗ್ಗೆ ಟ್ಯೂಬಿನಲ್ಲಿ ಹಳದಿ ಉಚ್ಚೆ. ಹಾಲು ಮೊದಲಿನಷ್ಟಾಗಲು ಮಾತ್ರ ತಿಂಗಳು ಮೇಲಾಯಿತು. ಆ ನಷ್ಟದಲ್ಲಿ ಒಂದು ರಾತ್ರಿಯದ್ದು ನನ್ನದು.

ಮೇವು ಏನು ಹಾಕುತ್ತೀರಿ ಅಂದರೆ ಕಬ್ಬಿನ ಸೋಗೆ, ಜೋಳದ ಕಣಕಿ. ಎರಡರಲ್ಲೂ ಫಾಸ್ಫರಸ್ ಕಡಿಮೆ. ಹಾಲು ಲೀಟರಿಗೆ ಸುಮಾರು 1 ಗ್ರಾಂ ಹೊರಗೆ ಒಯ್ಯುತ್ತದೆ. ಗೋಧಿ ಬೂಸಾ, ದಿನಕ್ಕೆ 50 ಗ್ರಾಂ ಮಿನರಲ್ ಮಿಕ್ಸ್ಚರ್ ಹಾಕಿ ಅಂದೆ. ಆಯಿ, "ಉಪ್ಪ ಹಾಕ್ತೀವಲ್ಲಪ್ಪಾ," ಅಂದಳು. ಉಪ್ಪಿನಲ್ಲಿ ಫಾಸ್ಫರಸ್ ಇಲ್ಲ ಅಂತ ವಿವರಿಸಿದೆ. ಹಿಂದಿನ ರಾತ್ರಿ ಉಣ್ಣೆ ರೋಗ ಅಂದವನ ಮಾತನ್ನು ಆಯಿ ಯಾಕೆ ನಂಬಬೇಕು? ಅನುಮಾನದಿಂದಲೇ ನೋಡಿದಳು.

ತಿಂಗಳ ಕೊನೆಗೆ ಕೇಸನ್ನು ಆ್ಯಪಿಗೆ ಏರಿಸಲು ಕೂತೆ. ರೋಗದ ಪಟ್ಟಿಯಲ್ಲಿ ಬೆಬೀಸಿಯಾ ಇತ್ತು, ಉಣ್ಣೆಯದ್ದೇ ಇನ್ನೊಂದು ರೋಗ ಥೈಲೇರಿಯಾ ಇತ್ತು. ಇದರ ಹೆಸರು ಇರಲಿಲ್ಲ. 'ಇತರೆ' ಅಂತ ಒತ್ತಿದೆ.