ದೇಶಗಳ ಉತ್ಪಾದಕತೆ ಹೋಲಿಕೆ: ತಲೆ ಲೆಕ್ಕದಿಂದ ಗಂಟೆ ಲೆಕ್ಕಕ್ಕೆ

ನನ್ನ ಶೀಟಿನಲ್ಲಿ ಈ ವಾರ ಛೇದ ಬದಲಾಯಿತು. ಇಲ್ಲಿಯವರೆಗೆ ಪಿಪಿಪಿ ಲೆಕ್ಕದ (ದೇಶದೇಶಗಳ ಬೆಲೆ ವ್ಯತ್ಯಾಸ ಸರಿದೂಗಿಸಿದ) ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸಿ ದೇಶಗಳನ್ನು ಸಾಲಾಗಿ ಇಟ್ಟಿದ್ದೆ. ಆದಾಯದ ಮಟ್ಟ ತಿಳಿಯಲು ಅಷ್ಟು ಸಾಕು, ದುಡಿಮೆಯ ಫಲ ಅಳೆಯಲು ಸಾಲದು. ಹಾಗಾಗಿ ಗ್ರೋನಿಂಗನ್ ವಿಶ್ವವಿದ್ಯಾಲಯದ ಪೆನ್ ವರ್ಲ್ಡ್ ಟೇಬಲ್ ಎಂಬ ದೇಶವಾರು ಅಂಕಿಅಂಶ ಸಂಗ್ರಹದಿಂದ ಉದ್ಯೋಗಿಗಳ ಸಂಖ್ಯೆ, ವರ್ಷದ ಸರಾಸರಿ ದುಡಿಮೆಯ ಗಂಟೆ ಎರಡನ್ನೂ ತಂದು ಗುಣಿಸಿ, ಬಂದ ಒಟ್ಟು ಗಂಟೆಗಳಿಂದ ಭಾಗಿಸಿದೆ.

ಬದಲಾವಣೆ ಎದ್ದು ಕಂಡದ್ದು ಜರ್ಮನಿಯಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ 1,350 ಗಂಟೆಯ ಆಸುಪಾಸು ದುಡಿಯುತ್ತಾರೆ, ಅಮೆರಿಕದಲ್ಲಿ 1,800ರ ಹತ್ತಿರ. ತಲಾ ಲೆಕ್ಕದಲ್ಲಿದ್ದ ದೊಡ್ಡ ಅಂತರ ಗಂಟೆ ಲೆಕ್ಕಕ್ಕೆ ಬಂದಾಗ ಬಹಳಷ್ಟು ಕರಗಿತು. ಲಕ್ಸೆಂಬರ್ಗ್‌ನ ಕಥೆ ಬೇರೆ. ಅಲ್ಲಿನ ಉದ್ಯೋಗಿಗಳಲ್ಲಿ ಅರ್ಧಕ್ಕೆ ಹತ್ತಿರ ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಗಡಿ ದಾಟಿ ಬರುವವರು. ಅವರ ಉತ್ಪಾದನೆ ಜಿಡಿಪಿಗೆ ಸೇರುತ್ತದೆ, ಅವರು ಮಾತ್ರ ಜನಸಂಖ್ಯೆಯಲ್ಲಿ ಇರುವುದಿಲ್ಲ. ದೇಶದೊಳಗೆ ದುಡಿದ ಗಂಟೆಗಳಿಂದ ಭಾಗಿಸಿದರೆ ಅವರು ಅಂಶದಲ್ಲೂ (ಮೇಲಿನ ಸಂಖ್ಯೆಯಾದ ಜಿಡಿಪಿಯಲ್ಲೂ) ಇರುತ್ತಾರೆ, ಛೇದದಲ್ಲೂ ಇರುತ್ತಾರೆ.

ಐರ್ಲೆಂಡ್ ಮಾತ್ರ ಯಾವ ಛೇದಕ್ಕೂ ಬಗ್ಗಲಿಲ್ಲ. ಅಲ್ಲಿನ ತೊಡಕಿರುವುದು ಅಂಶದಲ್ಲಿ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟ್‌ನಂಥ ಆಸ್ತಿಗಳನ್ನು ಅಲ್ಲಿಗೆ ವರ್ಗಾಯಿಸಿದ್ದರಿಂದ 2015ರಲ್ಲಿ ಜಿಡಿಪಿ ಒಂದೇ ವರ್ಷಕ್ಕೆ, ಮೊದಲ ಅಂದಾಜಿನಂತೆ, ಸುಮಾರು 26% ಜಿಗಿಯಿತು. ದುಡಿಯುವವರ ಕೈಚಳಕ ಹಾಗೆ ಹೆಚ್ಚುವುದು ಅಸಾಧ್ಯ. 2017ರಿಂದ ಆ ದೇಶದ ಅಂಕಿಅಂಶ ಕಚೇರಿ ಇದನ್ನು ಸರಿದೂಗಿಸಿದ ರಾಷ್ಟ್ರೀಯ ಆದಾಯವನ್ನು ಬೇರೆಯಾಗಿ ಪ್ರಕಟಿಸುತ್ತಿದೆ. ನನ್ನ ಚಾರ್ಟಿನಲ್ಲಿ ಐರ್ಲೆಂಡಿಗೆ ಎರಡು ಚುಕ್ಕಿ ಹಾಕಿದ್ದೇನೆ, ಜಿಡಿಪಿಗೊಂದು, ಈ ಆದಾಯಕ್ಕೊಂದು.

ಇನ್ನು ಗಂಟೆಗಳನ್ನೇ ಎಷ್ಟು ನಂಬಬೇಕು? ನನ್ನ ಹೆಚ್ಚಿನ ಸಮಯ ಹೋದದ್ದು ಈ ಪ್ರಶ್ನೆಗೆ. ಮನೆಮನೆ ಸಮೀಕ್ಷೆಯಲ್ಲಿ 'ಕಳೆದ ವಾರ ಎಷ್ಟು ಗಂಟೆ ದುಡಿದಿರಿ' ಎಂದು ಕೇಳಿದರೆ ರಜೆ, ಕಾಯಿಲೆಯ ದಿನಗಳು ಉತ್ತರದಿಂದ ಜಾರಿಹೋಗುತ್ತವೆ. ಕಂಪನಿಯ ದಾಖಲೆಯಲ್ಲಿ ಸಂಬಳ ಕೊಟ್ಟ ಗಂಟೆ ಇರುತ್ತದೆ, ಸಂಬಳವಿಲ್ಲದ ಓವರ್‌ಟೈಮ್ ಇರುವುದಿಲ್ಲ. ಒಂದೊಂದು ದೇಶ ಇವನ್ನು ಒಂದೊಂದು ರೀತಿ ತಿದ್ದುತ್ತದೆ. 2018ರಲ್ಲಿ ಒಇಸಿಡಿ (ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಅಧ್ಯಯನವೊಂದು ಈ ವಿಧಾನಗಳನ್ನು ಹೊಂದಿಸಿ ನೋಡಿದಾಗ, ಅಮೆರಿಕಕ್ಕೂ ಬ್ರಿಟನ್ನಿಗೂ ಇದ್ದ ಉತ್ಪಾದಕತೆಯ ಅಂತರ ಸುಮಾರು 8 ಶೇಕಡಾ ಅಂಶ ಇಳಿಯಿತು. ಕಾರ್ಖಾನೆಯಲ್ಲಿ ಏನೂ ಬದಲಾಗದೆ, ಬರೀ ಗಂಟೆ ಎಣಿಸುವ ಕ್ರಮದಿಂದ! ಆದ್ದರಿಂದ ನನ್ನ ಪಟ್ಟಿಯಿಂದ ಒಂದನೆಯದು, ಎರಡನೆಯದು ಎಂಬ ಸ್ಥಾನಗಳನ್ನು ತೆಗೆದುಹಾಕಿ, ಹತ್ತಿರದ ಮೌಲ್ಯಗಳಿರುವ ದೇಶಗಳನ್ನು ಒಂದೇ ಗುಂಪಿಗೆ ಸೇರಿಸಿದ್ದೇನೆ.

ಹಲವು ಬಡ ದೇಶಗಳ ಸಾಲಿನಲ್ಲಿ ಗಂಟೆಯ ಕಾಲಂ ಖಾಲಿ. ನೆರೆದೇಶದ ಸರಾಸರಿ ತುಂಬುವುದು ಸುಲಭ, ಆದರೆ ಸಂತೆಯಲ್ಲಿ, ಹೊಲದಲ್ಲಿ ದುಡಿಯುವವರ ದಿನವನ್ನು ಹಾಗೆ ಊಹಿಸಲು ಮನಸ್ಸಾಗಲಿಲ್ಲ. ಅವನ್ನು ಪ್ರತಿ ಉದ್ಯೋಗಿಯ ಲೆಕ್ಕದಲ್ಲಿ ಬೇರೆ ಶೀಟಿಗೆ ಹಾಕಿದ್ದೇನೆ. ಮುಂದಿನ ಕೆಲಸ ಬಂಡವಾಳದ ಕಾಲಂ.