ಗಂಡು ಸಿಗದೆ ಹೆಸರಿಲ್ಲ

2025 ಆಗಸ್ಟ್ 17, ಭಾನುವಾರ, ಮಂಡ್ಯ

ಕಬ್ಬಿನ ಎಲೆಯ ಹಿಂಬದಿಯಲ್ಲಿ ಸುಳಿ ಕೊರಕ ಎಂಬ ಕೀಟದ ಮೊಟ್ಟೆಗಳು ಕಪ್ಪಾಗಿರುವುದು ಕಂಡಿತ್ತು. ಅವುಗಳಿಂದ ಹೊರಬಂದ ಕಣಜಕ್ಕೆ ಇವತ್ತು ಹೆಸರು ಸಿಕ್ಕಿತು. ಕಣಜ ಅಂದಕೂಡಲೇ ಕುಟುಕುವ ಹುಳು ನೆನೆಸಿಕೊಳ್ಳಬೇಡಿ. ಇದು ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ಬೇರೆ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಅದನ್ನೇ ತಿಂದು ಬೆಳೆಯುತ್ತದೆ.

ಇದು ಟ್ರೈಕೋಗ್ರಾಮ ಕುಲದ್ದು ಅಂತ ಹೇಳೋದು ಸುಲಭ. ಕೆಂಪು ಕಣ್ಣು, ಪಾದಕ್ಕೆ ಮೂರೇ ಗೆಣ್ಣು, ರೆಕ್ಕೆ ಮೇಲೆ ಸಾಲು ಹಿಡಿದ ಸಣ್ಣ ಕೂದಲು. ಆದರೆ ಯಾವ ಟ್ರೈಕೋಗ್ರಾಮ? ಅದರಲ್ಲಿ ಹಲವು ಪ್ರಭೇದಗಳಿವೆ. ಜಪಾನಿಕಮ್ ಕಪ್ಪು, ಕೈಲೋನಿಸ್ ಹಳದಿ ಅಂತಾರೆ. ಬಣ್ಣ ನಂಬಿ ಕೂತರೆ ಕೆಟ್ಟ ಹಾಗೇ. ತಂಪಿನಲ್ಲಿ ಬೆಳೆದರೆ ಹಳದಿಯದೂ ಕಪ್ಪಗಾಗುತ್ತದೆ. ಹೆಣ್ಣುಗಳಂತೂ ನೋಡೋಕೆ ಹೆಚ್ಚುಕಡಿಮೆ ಒಂದೇ.

ಪ್ರಭೇದ ಗುರುತಿಸೋಕೆ ಗಂಡೇ ಬೇಕು. ನನಗೆ ಸಿಕ್ಕಿದ್ದೆಲ್ಲ ಹೆಣ್ಣು. ಅದಕ್ಕೊಂದು ಉಪಾಯ ಇದೆ. ಒಡೆಯದ ಕಪ್ಪು ಮೊಟ್ಟೆಯೊಂದನ್ನು ಬೇರೆ ನಳಿಕೆಯಲ್ಲಿಟ್ಟು, ಅದರಿಂದ ಬಂದ ಒಂಟಿ ಹೆಣ್ಣಿಗೆ ಅಕ್ಕಿ ಪತಂಗದ ಮೊಟ್ಟೆ ಕೊಟ್ಟೆ. ಗಂಡಿನ ಜತೆ ಕೂಡದ ಹೆಣ್ಣು ಇಟ್ಟ ಮೊಟ್ಟೆಯಿಂದ ಸಾಮಾನ್ಯವಾಗಿ ಬರುವುದು ಗಂಡುಗಳೇ. ಬಂದವು!

ಒಂದನ್ನು ಸ್ಲೈಡ್ ಮೇಲೆ, ಕೀಟದ ಮೈ ತಿಳಿಯಾಗಿಸುವ ಹೋಯರ್ ದ್ರಾವಣದ ಹನಿಯಲ್ಲಿ ಬೆನ್ನು ಮೇಲೆ ಮಾಡಿ ಮಲಗಿಸಿದೆ. ಮಗ್ಗುಲಾದರೆ ಏನೂ ತಿಳಿಯುವುದಿಲ್ಲ. ಮೈ ತಿಳಿಯಾದ ಮೇಲೆ ಮೊದಲು ಕುಡಿಮೀಸೆ ನೋಡಿದೆ. ಹೆಣ್ಣಿನದು ತುದಿ ದಪ್ಪಗಿನ ಗದೆ. ಗಂಡಿನದು ಉದ್ದ, ಅದರ ತುಂಬ ಚೂಪು ಕೂದಲು. ಆಮೇಲೆ ಹೊಟ್ಟೆ ತುದಿಯ ಜನನಾಂಗ. ಬೆನ್ನ ಕಡೆಯ ತೆಳು ತಗಡು ಇಲ್ಲಿ ತ್ರಿಕೋನ, ಬುಡದ ಎರಡೂ ಪಕ್ಕ ಉಬ್ಬು. ಕೈಲೋನಿಸ್, ಅನುಮಾನವೇ ಇಲ್ಲ. ಜಪಾನಿಕಮ್‌ನದು ಸಪೂರ, ಈ ಉಬ್ಬು ಇರುವುದಿಲ್ಲ.

ಗಂಡಿನ ಜನನಾಂಗದ ಮಹತ್ವ ತೋರಿಸಿಕೊಟ್ಟವರು ಬೆಂಗಳೂರಿನಲ್ಲೇ ಕೆಲಸ ಮಾಡುತ್ತಿದ್ದ ಕೀಟತಜ್ಞರಾದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ. 1971ರಲ್ಲಿ ಹಳೆಯ ಕೆಲವು ಪ್ರಭೇದಗಳನ್ನು ಈ ಕಣ್ಣಿನಿಂದ ಮತ್ತೆ ವಿವರಿಸಿದರು. ಅದಕ್ಕೂ ಮುಂಚೆ ನಮ್ಮ ಕಣಜಕ್ಕೆ ಮಿನುಟಮ್, ಇವಾನೆಸೆನ್ಸ್, ಆಸ್ಟ್ರೇಲಿಕಮ್ ಅಂತ ಸಿಕ್ಕ ಹೆಸರೆಲ್ಲ ಅಂಟಿಸಿದ್ದರು. 1976ರಲ್ಲಿ ಕನ್‌ಫ್ಯೂಸಮ್ ಅಂತ ಇನ್ನೊಂದು ಬಂತು. ಅದು 1941ರಲ್ಲೇ ಜಪಾನಿನ ಕೀಟತಜ್ಞ ಇಶಿಯಿ ಹೆಸರಿಟ್ಟ ಕೈಲೋನಿಸ್ ಅಂತ ಆಮೇಲೆ ತಿಳಿಯಿತು.

ಹೆಸರಿಗೆ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಅಂತ ಮನೆಯಲ್ಲಿ ಕೇಳುತ್ತಾರೆ. ಕಬ್ಬಿಗೆ ಟ್ರೈಕೊ ಕಾರ್ಡ್, ಅಂದರೆ ಈ ಕಣಜ ಒಳಗೆ ಬೆಳೆಯುತ್ತಿರುವ ಪತಂಗದ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್, ಕಟ್ಟುವ ರೈತ ದುಡ್ಡು ಕೊಡುತ್ತಾನೆ ಅಲ್ವಾ? ಕಾರ್ಡಿನೊಳಗೆ ಯಾವ ಕಣಜ ಇದೆ ಅಂತ ಗೊತ್ತಿರಬೇಕು.

ಲೇಬಲ್ ಬರೆದು ಸ್ಲೈಡ್ ಒಣಗಲು ಇಟ್ಟಿದ್ದೇನೆ. ಮುಂದಿನ ವಾರ ಪಕ್ಕದ ಭತ್ತದ ಗದ್ದೆಗೆ ಹೋಗಬೇಕು. ಜಪಾನಿಕಮ್ ಗಂಡು ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.