ಹಾಸುಗಲ್ಲಿನ ಸಂದಿನ ನೆಲಹಿಪ್ಪಲಿ

ದಾವಣಗೆರೆಯ ನಮ್ಮ ಮನೆಯ ಗೇಟಿನಿಂದ ಹಿತ್ತಲಿನ ತುಳಸಿಕಟ್ಟೆಯವರೆಗೆ ಹೆಜ್ಜೆಗೊಂದರಂತೆ 14 ಶಹಾಬಾದ್ ಕಲ್ಲುಗಳನ್ನು, ನಡುವೆ ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಹಾಸಿಸಿದ್ದೆವು. ಆ ಸಂದುಗಳಲ್ಲಿ ಹಸಿರು ಹಬ್ಬಿ ಹೂ ಬಿಡಬೇಕೆಂಬುದು ನನ್ನ ಬಹುದಿನದ ಆಸೆ. ಮೊದಲ ವರ್ಷ ನರ್ಸರಿಯಿಂದ ತಂದು ನೆಟ್ಟ ನಾಜೂಕು ಸಸಿಗಳು, ಏಪ್ರಿಲ್ ಬಿಸಿಲಿಗೆ ಕಲ್ಲು ಕಾಯತೊಡಗಿದೊಡನೆ ಅಂಚಿನಿಂದ ಒಣಗುತ್ತ ಬಂದು, ತಿಂಗಳೊಳಗೆ ಇಲ್ಲವಾದವು. ಬಿಸಿಲೊಂದೇ ಕಾರಣವೆಂದು ನಾನು ನಂಬಿದ್ದೆ. ಒಣಗಿದ್ದನ್ನು ಕಿತ್ತು ನೋಡಿದಾಗ ಬೇರುಗಳು ನಡುವೆಯೇ ಹರಿದಿದ್ದವು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಆ ಬಿರುಕು ಎಳೆಯ ಬೇರನ್ನೂ ಹರಿಯುತ್ತದೆ, ಕಲ್ಲನ್ನೂ ಅಲುಗಿಸುತ್ತದೆ.

ಮರುವರ್ಷ ಜೂನ್ ತಿಂಗಳ ಒಂದು ಭಾನುವಾರ, ಮತ್ತೆ ನರ್ಸರಿಗೆ ಹೊರಟ ನನ್ನನ್ನು ಅವ್ವ ತಡೆದರು. "ಕಾಲುವಿ ಬದುವಿನ ಮ್ಯಾಲೆ ನೆಲಹಿಪ್ಪಲಿ ಬೇಕಾದಷ್ಟು ಐತಿ. ಎಮ್ಮಿ ತುಳಿದ್ರೂ ಸಾಯಂಗಿಲ್ಲ. ಅದನ್ನ ತಂದು ಹಚ್ಚು," ಎಂದರು. ಭದ್ರಾ ನಾಲೆಯ ನೀರು ಹರಿಯುವ ನಮ್ಮ ಗದ್ದೆಯ ಬದುವಿನಲ್ಲಿ ಚಿಕ್ಕಂದಿನಿಂದ ತುಳಿದು ಓಡಾಡಿದ ಬಳ್ಳಿಯದು. ಅದನ್ನು ತೋಟದ ಗಿಡವೆಂದು ನಾನು ಒಮ್ಮೆಯೂ ಎಣಿಸಿರಲಿಲ್ಲ.

ಒಂದು ಬುಟ್ಟಿ ಬಳ್ಳಿ ಕೊಯ್ದು ತಂದೆವು. ಅದಕ್ಕೂ ಮೊದಲು ಬೆಳಗ್ಗೆಯಿಡೀ ಮಣ್ಣಿನ ಕೆಲಸವೇ ಆಯಿತು. ಪ್ರತಿ ಸಂದಿನಿಂದ ಎರೆ ಮಣ್ಣನ್ನು ಗೇಣುದ್ದ ಆಳಕ್ಕೆ ಕೆದಕಿ ತೆಗೆದು, ಗರಸು, ಮರಳು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿ, ನೀರು ಹಾಕಿ ಕೂರಿಸಿದೆವು. ಈ ಗಿಡ ಬದುಕಿದ್ದಕ್ಕೆ ಅರ್ಧ ಕಾರಣ ಆ ಗರಸೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೆಲಹಿಪ್ಪಲಿಯ ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರಿಳಿಸುತ್ತದೆ. ಆದ್ದರಿಂದ ಎರಡೆರಡು ಗೆಣ್ಣಿರುವಂತೆ ಬಳ್ಳಿಯನ್ನು ಕತ್ತರಿಸಿ, ಒಂದು ಗೆಣ್ಣು ಮಣ್ಣಿನೊಳಗೆ, ಇನ್ನೊಂದು ಮೇಲೆ ಇರುವಂತೆ ಗೇಣಿಗೊಂದನ್ನು ಮಲಗಿಸಿ ಹೆಬ್ಬೆರಳಿನಿಂದ ಒತ್ತಿದೆ. ಮೊದಲ ವಾರ ಎಲೆಗಳು ಬಾಡಿ ಬಿದ್ದವು. ಹತ್ತನೆಯ ದಿನ ಬಗ್ಗಿ ನೋಡಿದರೆ ಒಣಗಿದ ಗೆಣ್ಣಿನ ಕಂಕುಳಿನಲ್ಲಿ ಸಾಸಿವೆ ಗಾತ್ರದ ಹಸಿರು ಚಿಗುರು ಕಂಡಿತು; ಅವ್ವನನ್ನು ಕೂಗಿ ಕರೆದೆ.

ಗೌರಿ ಹಬ್ಬದ ಹೊತ್ತಿಗೆ ಹೂವು ಬಂದಿತು. ಅಂಗಿಯ ಗುಂಡಿಗಿಂತ ಚಿಕ್ಕದಾದ, ಕಂದು-ನೇರಳೆ ಬಣ್ಣದ ತಲೆ. ಅದರ ಸುತ್ತ ಬಿಳಿ, ತಿಳಿನೇರಳೆ ಹೂಗಳ ಒಂದು ಬಳೆ. ಬುಡದ ಹೂ ಉದುರಿದಂತೆ ಮೇಲಿನ ಸಾಲು ಅರಳುತ್ತ ಹೋಗುವುದರಿಂದ ಆ ತಲೆ ದಿನೇ ದಿನೇ ಉದ್ದವಾಗುತ್ತದೆ. ಇದರ ಶಾಸ್ತ್ರೀಯ ಹೆಸರಾದ ಫೈಲಾ ನೋಡಿಫ್ಲೋರಾದಲ್ಲಿ ಎರಡನೆಯ ಪದದ ಅರ್ಥವೇ ಗೆಣ್ಣಿನಲ್ಲಿ ಹೂ ಬಿಡುವುದು ಎಂದು.

ಬಿಟ್ಟರೆ ಇದು ಕಲ್ಲನ್ನೇ ಮುಚ್ಚುತ್ತದೆ. ಇದರ ದಾಯಾದಿ ಜಾತಿಯೊಂದು ಆಸ್ಟ್ರೇಲಿಯಾದ ನದೀಬಯಲಿನ ಹುಲ್ಲುಗಾವಲುಗಳಲ್ಲಿ ದೊಡ್ಡ ಕಳೆಯಾಗಿದೆ. ಹಾಗಾಗಿ ತಿಂಗಳಿಗೊಮ್ಮೆ ಕಲ್ಲಿನ ಅಂಚಿಗೆ ಕತ್ತರಿಯಾಡಿಸುತ್ತೇನೆ. ಬಿಸಿಲೇರಿದೊಡನೆ ಕೋಲುಜೇನುಗಳು ಈ ಹೂಗಳಿಗೆ ಬಂದು ಮುತ್ತುತ್ತವೆ. ಅವ್ವ ಬರಿಗಾಲಿನಲ್ಲಿ ತುಳಸಿಗೆ ಸುತ್ತು ಬರುವುದರಿಂದ, ಕಟ್ಟೆಯ ಬಳಿಯ ಎರಡು ಸಂದುಗಳ ಹೂವನ್ನು ಮಾತ್ರ ಹಿಂದಿನ ಸಂಜೆಯೇ ಚಿವುಟಿ, ಉಳಿದ ಸಂದುಗಳನ್ನು ಜೇನಿಗೆ ಬಿಡುತ್ತೇನೆ.